ಅಪ್ಪನ ಡೈರಿಯಲ್ಲಿ ಅಂಧೇರಿ

ಎರಡನೇ ಮಹಾಯುದ್ಧದಲ್ಲಿ ಅಪ್ಪ ವಿಮಾನ ಹಾರಿಸಿದವರು ಎಂದು ಉಡುಪಿ ಕಡೆಯ ನಮ್ಮ ಊರಿನ ಅರ್ಧ ಜನ ನಂಬಿದ್ದರು. ಇನ್ನರ್ಧ ಜನರ ಪ್ರಕಾರ ಅವರು ಮಿಲಿಟರಿಯಿಂದ ಓಡಿ ಬಂದವರು. ಎರಡು ಕತೆಗೂ ಇದ್ದ ಆಧಾರ ಗೋಡೆಯ ಮೇಲಿನ ಒಂದು ಫೋಟೋ ಮತ್ತು ಅಪ್ಪನ ಮೌನ. ಓಡಿ ಬಂದವರು ಎಂಬ ಮಾತು ಅಕ್ಕನ ಮದುವೆಯ ಮಾತುಕತೆಯವರೆಗೂ ಬಂತು, ಒಂದು ಒಳ್ಳೆಯ ಸಂಬಂಧ ತಪ್ಪಿತು. ಅಪ್ಪ ಆಗಲೂ ಬಾಯಿ ಬಿಡಲಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ಊರಿನ ಮನೆ ಬಿಚ್ಚಿಸುವಾಗ ಅಟ್ಟದಿಂದ ತಗಡಿನ ಟ್ರಂಕೊಂದು ಇಳಿಯಿತು. ಅದರಲ್ಲಿ ಹನ್ನೊಂದು ಫೋಟೋಗಳು, 1944ರಿಂದ 1946ರವರೆಗಿನ ಮೂರು ಸಣ್ಣ ಡೈರಿಗಳು. ಅವನ್ನು ಅಂಧೇರಿಯ ಮನೆಗೆ ತಂದು ಎರಡು ಮಳೆಗಾಲ ಅದರಲ್ಲೇ ಕಳೆದೆ.

ಮೊದಲು ಫೋಟೋದ ವಿಷಯ. ಗೋಡೆಯ ಮೇಲಿದ್ದ ಆ ಚಿತ್ರದಲ್ಲಿ ಅಪ್ಪ ಒಂದು ವಿಮಾನದ ರೆಕ್ಕೆಗೆ ಕೈಯಿಟ್ಟು ನಿಂತಿದ್ದಾರೆ. ಆ ರೆಕ್ಕೆ ನೇರವಾಗಿಲ್ಲ, ನಡುವೆ ಮುರಿದು ಮೇಲೆದ್ದಂತಿದೆ. ಅಂಥ ರೆಕ್ಕೆ ಇದ್ದದ್ದು ವೆಂಜನ್ಸ್ ಎಂಬ ಅಮೆರಿಕನ್ ಬಾಂಬರಿಗೆ. ನಮ್ಮ ವಾಯುಸೇನೆಯ ಏಳನೆಯ ಮತ್ತು ಎಂಟನೆಯ ಸ್ಕ್ವಾಡ್ರನ್‌ಗಳು ಬರ್ಮಾ ರಂಗದಲ್ಲಿ ಬಳಸಿದ್ದು ಅದನ್ನೇ. ಇನ್ನೊಂದು ಸುಳಿವು ವಿಮಾನದ ಮೈಮೇಲಿನ ವೃತ್ತ. ಬ್ರಿಟಿಷ್ ವಿಮಾನಗಳ ವೃತ್ತದ ನಡುವೆ ಕೆಂಪು ಬೊಟ್ಟು ಇರುತ್ತಿತ್ತು. ಜಪಾನೀಯರ ಗುರುತೂ ಕೆಂಪು ಸೂರ್ಯನೇ ಆದ್ದರಿಂದ, ತಮ್ಮವರ ಮೇಲೆ ತಾವೇ ಗುಂಡು ಹಾರಿಸಿಕೊಳ್ಳಬಾರದೆಂದು ಪೂರ್ವ ರಂಗದಲ್ಲಿ ಆ ಬೊಟ್ಟನ್ನು ತೆಗೆದು ನಡುವೆ ತಿಳಿ ಬಣ್ಣ ಬಳಿದರು. ಅಪ್ಪನ ಫೋಟೋದಲ್ಲಿ ನಡುಭಾಗ ಬೆಳ್ಳಗಿದೆ.

ಆದರೆ ಅಪ್ಪ ಪೈಲಟ್ ಅಲ್ಲ. ಎದೆಯ ಮೇಲೆ ರೆಕ್ಕೆಯ ಗುರುತಿಲ್ಲ. ಬಲತೋಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಮಿಂಚುಗಳನ್ನು ಹಿಡಿದ ಮುಷ್ಟಿ ಕಾಣುತ್ತದೆ. ಅದು ವೈರ್‌ಲೆಸ್ ಆಪರೇಟರ್‌ಗಳ ಬಿಲ್ಲೆ. ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆಯುತ್ತ ರಾತ್ರಿಶಾಲೆಯಲ್ಲಿ ಇಂಗ್ಲಿಷ್ ಕಲಿತ ಹುಡುಗನಿಗೆ ಅದೇನು ಸಣ್ಣ ಕೆಲಸವಲ್ಲ. ಪೈಲಟ್ ಆಗಿರಲಿಲ್ಲವೆಂದು ತಿಳಿದು ಊರಿನ ಕೆಲವರಿಗೆ ನಿರಾಸೆಯಾಯಿತು. ನನಗಂತೂ ಆ ಮುಷ್ಟಿ ಬಹಳ ಹಿಡಿಸಿತು.

ಡೈರಿ ಓದುವುದು ಫೋಟೋ ಓದಿದಷ್ಟು ಸುಲಭವಲ್ಲ. ಮುಕ್ಕಾಲು ಪಾಲು ಲೆಕ್ಕವೇ: ಸಾಬೂನು, ಚಹಾ, ಬೀಡಿ, ಊರಿಗೆ ಮನಿಯಾರ್ಡರ್. ಭಾಷೆ ಕನ್ನಡ, ಆದರೆ ಮನಸ್ಸಿಗೆ ಹತ್ತಿರದ ಮಾತು ಬಂದಾಗ ಕನ್ನಡ ಲಿಪಿಯಲ್ಲೇ ತುಳು. 1944ರ ಏಪ್ರಿಲ್, ಮೇ ಪುಟಗಳಲ್ಲಿ ಸಿಲ್ಚಾರ್ ಹೆಸರಿದೆ. ಇಂಫಾಲ ಮತ್ತು ಕೊಹಿಮಾದ ಕದನ ನಡೆಯುತ್ತಿದ್ದ ದಿನಗಳವು. ಏಳನೆಯ ಸ್ಕ್ವಾಡ್ರನ್ ಸಿಲ್ಚಾರ್ ಬಳಿಯ ಉದರ್‌ಬಂದ್‌ನಿಂದ ಹಾರುತ್ತಿತ್ತು. ಅಪ್ಪ ಬರೆದದ್ದು ಮಾತ್ರ ಮಲೇರಿಯಾದ ಬಗ್ಗೆ: “ಎಂಕ್ ನುಪ್ಪು ಬೊಡ್ಚಿ. ಹಳದಿ ಮಾತ್ರೆ 1.” ನನಗೆ ಊಟ ಬೇಡ ಎಂದರ್ಥ. ಮಾತ್ರೆ ಎಂದರೆ ಆಗ ಬರ್ಮಾ ರಂಗದ ಸೈನಿಕರೆಲ್ಲ ನುಂಗುತ್ತಿದ್ದ ಮೆಪಾಕ್ರಿನ್. ತಿನ್ನುತ್ತ ಹೋದರೆ ಮೈಯೇ ಹಳದಿಯಾಗುತ್ತಿತ್ತು. ಆ ಜ್ವರದ ಒಂಬತ್ತು ದಿನವೂ ಇದೇ ಸಾಲು, ಇದೇ ಮಾತ್ರೆ.

1946ರ ಡೈರಿ ತೆರೆದಾಗ ಅಪ್ಪ ಅಂಧೇರಿಯಲ್ಲಿದ್ದರು! ನಾನು ನಲವತ್ತು ವರ್ಷ ಬಾಳಿದ ಉಪನಗರದಲ್ಲಿ ಅವರ ವಾಯುಸೇನೆಯ ಕ್ಯಾಂಪಿತ್ತು ಎಂಬುದು ನನಗೆ ಗೊತ್ತಾದದ್ದೇ ಆ ಪುಟದಿಂದ. ಆಗ ಲೋಖಂಡವಾಲಾ ಇಲ್ಲ, ಅದಿರುವ ಕಡೆ ಬರೀ ಜೌಗು. ನನ್ನನ್ನು ನೋಡಲು ಅಪ್ಪ ಎಷ್ಟೋ ಸಲ ಇಲ್ಲಿಗೆ ಬಂದಿದ್ದರು, ಸ್ಟೇಷನ್ನಿನಿಂದ ಮನೆಯವರೆಗೆ ರಿಕ್ಷಾ ಬೇಡವೆಂದು ನಡೆಯುತ್ತಿದ್ದರು. ಒಂದು ಮಾತೂ ಆಡಿರಲಿಲ್ಲ.

ಆ ವರ್ಷದ ಜನವರಿಯಲ್ಲಿ ಅವರು ಬರೆದಿದ್ದಾರೆ: “ಕರಾಚಿಯಲ್ಲಿ ದೊರೆಗಳೇ ಕೆಲಸ ನಿಲ್ಲಿಸಿದರಂತೆ.” ಅದು ನಿಜ. ಯುದ್ಧ ಮುಗಿದರೂ ಊರಿಗೆ ಕಳಿಸುತ್ತಿಲ್ಲವೆಂದು ಕರಾಚಿಯ ಡ್ರಿಗ್ ರೋಡ್ ನೆಲೆಯಲ್ಲಿ ಬ್ರಿಟಿಷ್ ವಾಯುಸೈನಿಕರೇ ಮುಷ್ಕರ ಹೂಡಿದರು. ಕೆಲವೇ ದಿನಗಳಲ್ಲಿ ಅದು ಸಿಂಗಾಪುರದವರೆಗಿನ ಹತ್ತಾರು ನೆಲೆಗಳಿಗೆ ಹಬ್ಬಿತು. ಬಿಳಿಯರು ಮಾಡಿ ದಕ್ಕಿಸಿಕೊಂಡದ್ದನ್ನು ನಮ್ಮವರು ನೋಡುತ್ತಲೇ ಇದ್ದರು. ವೈರ್‌ಲೆಸ್ ಕಿವಿಗೆ ಹಾಕಿಕೊಂಡವರಿಗೆ ಇಂಥ ಸುದ್ದಿ ಎಲ್ಲರಿಗಿಂತ ಮೊದಲು ಮುಟ್ಟುತ್ತದೆ.

ಫೆಬ್ರವರಿ 18, ಸೋಮವಾರ, ಕೊಲಾಬಾದ ಎಚ್‌ಎಂಐಎಸ್ ತಲ್ವಾರ್‌ನಲ್ಲಿ ನಾವಿಕರು ಊಟ ಬಿಟ್ಟು, ಕೆಲಸ ಬಿಟ್ಟು ಕುಳಿತರು. ತಲ್ವಾರ್ ಹಡಗಲ್ಲ, ನೌಕಾಪಡೆಯ ಸಿಗ್ನಲ್ ಶಾಲೆ. ಅನ್ನದಲ್ಲಿ ಕಲ್ಲು, ಅಧಿಕಾರಿಯ ಬಾಯಲ್ಲಿ ಬೈಗುಳ, ಸಾಲದ್ದಕ್ಕೆ ಆಜಾದ್ ಹಿಂದ್ ಫೌಜಿನ ವಿಚಾರಣೆ ಎಬ್ಬಿಸಿದ ಬಿಸಿ. ಎಪ್ಪತ್ತಕ್ಕೂ ಹೆಚ್ಚು ಹಡಗುಗಳು, ಸುಮಾರು 20,000 ನಾವಿಕರು ಸೇರಿಕೊಂಡರು. ಕಾಂಗ್ರೆಸ್, ಲೀಗ್, ಕಮ್ಯುನಿಸ್ಟ್ ಬಾವುಟಗಳು ಒಟ್ಟಿಗೆ ಏರಿದವು. ನೌಕಾಪಡೆಯೇ ನಾಶವಾದರೂ ಸರಿ, ಬಗ್ಗಿಸದೆ ಬಿಡುವುದಿಲ್ಲ ಎಂಬರ್ಥದಲ್ಲಿ ಅಡ್ಮಿರಲ್ ಗಾಡ್‌ಫ್ರೆ 21ರಂದು ರೇಡಿಯೋದಲ್ಲಿ ಬೆದರಿಸಿದ. ಮರುದಿನ ನಗರವೇ ಹರತಾಳ ಆಚರಿಸಿತು. ಗೋಲಿಬಾರಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಪಟೇಲರ ಮಾತಿಗೆ ಒಪ್ಪಿ ನಾವಿಕರು 23ರಂದು ಶರಣಾದರು. ಇದಿಷ್ಟು ಪುಸ್ತಕಗಳಲ್ಲಿ ವಿವರವಾಗಿದೆ, ಬಂಡಾಯದಲ್ಲಿದ್ದ ಬಿ.ಸಿ. ದತ್ತ ಅವರೇ ಒಂದು ಪುಸ್ತಕ ಬರೆದಿದ್ದಾರೆ. ಆದರೆ ಮರೀನ್ ಡ್ರೈವ್ ಮತ್ತು ಅಂಧೇರಿ ಕ್ಯಾಂಪುಗಳ ವಾಯುಸೈನಿಕರು ನಾವಿಕರ ಬೆಂಬಲಕ್ಕೆ ಮುಷ್ಕರ ಹೂಡಿದ್ದಕ್ಕೆ ಸಿಗುವುದು ಒಂದೆರಡು ಸಾಲು. ಕೊಲಾಬಾದಲ್ಲಿ ನಾವಿಕರಿಗೆ ಸ್ಮಾರಕವಿದೆ. ಅಂಧೇರಿಯಲ್ಲಿ ಅಂಥದ್ದೊಂದು ಕಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಆ ವಾರದ ಅಪ್ಪನ ಪುಟಗಳಲ್ಲಿ ಘೋಷಣೆ ಇಲ್ಲ, ಗಾಂಧೀಜಿ ಇಲ್ಲ, ನೇತಾಜಿ ಇಲ್ಲ. 20ರಂದು ಇರುವುದು ಒಂದೇ ಸಾಲು: “ಎಂಕ್ಲೆಗ್ ನುಪ್ಪು ಬೊಡ್ಚಿ.” 21ರಂದು ಅದೇ. 22ರಂದು ಅದೇ, ಜತೆಗೆ “ಪೇಟೆ ಬಂದ್.”

ಇದನ್ನು ಅಣ್ಣನಿಗೆ ಫೋನಿನಲ್ಲಿ ಓದಿದೆ. “ಜ್ವರ ಬಂದಿರಬೇಕು ಮಾರಾಯ, ಸಿಲ್ಚಾರಿನ ಮಲೇರಿಯಾ ತಿರುಗಿ ಬರುತ್ತದೆ” ಎಂದ ಅವನು. ಜ್ವರದ ಲೆಕ್ಕವಾದರೆ ಮಾತ್ರೆ ಎಲ್ಲಿ? ಪೈಸೆ ಪೈಸೆ ಬರೆದಿಡುವ ಮನುಷ್ಯ ಸಿಲ್ಚಾರಿನಲ್ಲಿ ಒಂದು ದಿನವೂ ಮಾತ್ರೆ ಬರೆಯದೆ ಬಿಟ್ಟಿಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಆ ಶಬ್ದದಲ್ಲೇ ಇದೆ. ಸಿಲ್ಚಾರಿನಲ್ಲಿ ಬರೆದದ್ದು “ಎಂಕ್”, ನನಗೆ. ಅಂಧೇರಿಯಲ್ಲಿ ಬರೆದದ್ದು “ಎಂಕ್ಲೆಗ್”, ನಮಗೆ. ಜ್ವರ ಒಬ್ಬನಿಗೆ ಬರುತ್ತದೆ. ಮೂರು ದಿನ ಒಟ್ಟಿಗೆ ಊಟ ಬೇಡವಾಗುವುದಕ್ಕೆ ಬೇರೆ ಕಾರಣ ಬೇಕು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಕ್ಕನಿಗೆ ಹೇಳಿದೆಯಾ?” ಎಂದ.

ಹೇಳಿದೆ. ಅಕ್ಕ ಕೇಳಿದ್ದು ಒಂದೇ, ಓಡಿ ಬಂದದ್ದು ಹೌದೋ ಅಲ್ಲವೋ ಎಂದು. ಅದಕ್ಕೂ ಡೈರಿಯಲ್ಲಿ ಉತ್ತರವಿದೆ. ಮೇ ತಿಂಗಳ ಪುಟದಲ್ಲಿ ಬಾಕಿ ಸಂಬಳ ಬಂದ ಲೆಕ್ಕವಿದೆ, ಹಡಗಿಗೆ ಸರಕಾರಿ ಪಾಸು ಸಿಕ್ಕ ದಿನವಿದೆ. ಓಡಿಹೋಗುವವನಿಗೆ ಸರಕಾರ ಪಾಸು ಕೊಡುವುದಿಲ್ಲ. ಮಳೆಗಾಲಕ್ಕೆ ಕರಾವಳಿಯ ಹಡಗು ನಿಲ್ಲುವ ಮುಂಚೆ ಊರು ಸೇರಿದ್ದಾರೆ. ಅಕ್ಕ ಆ ಪುಟದ ನಕಲು ಕಳಿಸು ಎಂದಳು. ಎರಡು ಪ್ರತಿ ಕಳಿಸಿದೆ.

ಅಂಧೇರಿಯಲ್ಲಿ ತೆಗೆದ ಫೋಟೋ ಒಂದೇ ಇದೆ. ಟೆಂಟಿನ ಮುಂದೆ ಐದು ಜನ, ಹಿಂದೆ ಐವರ ರುಜು. ಅಪ್ಪನದು ಕನ್ನಡದಲ್ಲಿ, ಎರಡು ಇಂಗ್ಲಿಷಿನಲ್ಲಿ, ಎರಡು ಉರ್ದುವಿನಲ್ಲಿ. ಉರ್ದು ಬರೆಹವನ್ನು ಜೋಗೇಶ್ವರಿಯ ಹಿರಿಯರೊಬ್ಬರಿಂದ ಓದಿಸಿದೆ. ಹೆಸರಿನ ಕೆಳಗೆ ಇಬ್ಬರೂ ಊರು ಬರೆದಿದ್ದರು. ಒಬ್ಬರದು ಲಖನೌ. ಅಪ್ಪನ ಹೆಗಲ ಮೇಲೆ ಕೈಹಾಕಿ ನಿಂತವರದು ರಾವಲ್ಪಿಂಡಿ.