ಗ್ರಾಮಚರಿತ್ರೆಯ ಆಕರಗಳು: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ದಾಖಲೆಗಳ ಪರಿಶೀಲನೆ

ರಾಜವಂಶಗಳ ಚರಿತ್ರೆಯನ್ನು ಬರೆಯಲು ನಮ್ಮಲ್ಲಿ ಸಾಧನಸಾಮಗ್ರಿಗಳಿಗೆ ಕೊರತೆಯಿಲ್ಲ. ಆದರೆ ಒಂದು ಗ್ರಾಮದ ಚರಿತ್ರೆಯನ್ನು ಬರೆಯ ಹೊರಟವನಿಗೆ ಮೊದಲ ಹೆಜ್ಜೆಯಲ್ಲಿಯೇ ತೊಡಕು ಎದುರಾಗುತ್ತದೆ. ಆ ಗ್ರಾಮದ ದಾಖಲೆಗಳು ಯಾವುವು, ಅವು ಎಲ್ಲಿವೆ, ಯಾವ ಹೆಸರಿನಲ್ಲಿ ಅಡಗಿವೆ ಎಂಬುದೇ ಆ ತೊಡಕು. ಜೈನ ಸಂಶೋಧಕರಿಗೆ ಇದು ಮತ್ತಷ್ಟು ಗಂಭೀರವಾದುದು. ಒಂದು ಕಾಲಕ್ಕೆ ಬಸದಿಗಳಿಂದ ಶೋಭಿಸುತ್ತಿದ್ದು ಇಂದು ಒಂದು ಶ್ರಾವಕ ಕುಟುಂಬವೂ ಉಳಿಯದ ಊರುಗಳು ಮಂಡ್ಯ ಜಿಲ್ಲೆಯಲ್ಲಿವೆ. ಅಂತಹ ಊರಿನಲ್ಲಿ ಸಂಪ್ರದಾಯದ ನೆನಪನ್ನು ಹೇಳಬಲ್ಲವರು ಇರುವುದಿಲ್ಲವಾದ್ದರಿಂದ ದಾಖಲೆಯೇ ಏಕೈಕ ಸಾಕ್ಷಿಯಾಗುತ್ತದೆ.

ಈ ವಿಷಯದಲ್ಲಿ ಸ್ಕಾಟ್ಲೆಂಡಿನ ಗ್ರಾಮಾಂತರ ಪ್ಯಾರಿಷುಗಳ ನಿದರ್ಶನವನ್ನು ಗಮನಿಸುವುದು ಉಚಿತ. ಅಲ್ಲಿ ಪ್ಯಾರಿಷ್ ಎಂಬುದು ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಗ್ರಾಮಘಟಕ. ಜನನಕ್ಕೆ ಸಂಬಂಧಿಸಿದ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರ ಇವೆಲ್ಲವೂ ಚರ್ಚಿನ ಪುಸ್ತಕದಲ್ಲಿ ದಾಖಲಾಗುತ್ತಿದ್ದವು. ಊರ ಹಿರಿಯರ ಸಭೆಯ ನಡವಳಿ ಪುಸ್ತಕಗಳಲ್ಲಿ ಬಡವರಿಗೆ ಕೊಟ್ಟ ನೆರವು, ಆಚಾರ ತಪ್ಪಿದವರ ವಿಚಾರಣೆ ಮೊದಲಾದ ವಿವರಗಳು ದೊರೆಯುತ್ತವೆ. 1855ರಲ್ಲಿ ಸರ್ಕಾರಿ ನೋಂದಣಿ ಆರಂಭವಾಗುವವರೆಗೆ ಈ ಪುಸ್ತಕಗಳೇ ಜನಜೀವನದ ಮುಖ್ಯ ಆಧಾರ. ಸರ್ ಜಾನ್ ಸಿಂಕ್ಲೇರ್ ಎಂಬಾತನು ಒಂಬೈನೂರಕ್ಕೂ ಹೆಚ್ಚು ಪ್ಯಾರಿಷುಗಳ ಪಾದ್ರಿಗಳಿಗೆ ಪ್ರಶ್ನಾವಳಿಯನ್ನು ಕಳುಹಿಸಿ, ಬಂದ ಉತ್ತರಗಳನ್ನು 1791ರಿಂದ 1799ರವರೆಗೆ 21 ಸಂಪುಟಗಳಲ್ಲಿ ಪ್ರಕಟಿಸಿದನು. ಅಲ್ಲಿನ ಸಂಶೋಧಕನು ಒಂದು ಪ್ಯಾರಿಷಿನ ಹೆಸರನ್ನು ಹಿಡಿದು ಹೊರಟರೆ ದಾಖಲೆಗಳ ಸಾಲು ಅದೇ ಹೆಸರಿನಲ್ಲಿ ಅವನಿಗೆ ದೊರೆಯುತ್ತದೆ.

ನಮ್ಮ ಗ್ರಾಮಗಳಿಗೆ ಹೀಗೆ ಒಂದೇ ಸಂಸ್ಥೆ ಕಾಪಾಡಿದ ಪುಸ್ತಕವಿಲ್ಲ. ಆದರೆ ಅದರಿಂದ ದಾಖಲೆಯೇ ಇಲ್ಲವೆಂದು ಭಾವಿಸಲಾಗದು. ಮರಣದ ದಿನವನ್ನು ನಿಷಿಧಿಗಲ್ಲು ತಿಳಿಸುತ್ತದೆ. ದಾನದ ವಿವರವನ್ನು ಶಿಲಾಶಾಸನ, ತಾಮ್ರಪಟಗಳು ತಿಳಿಸುತ್ತವೆ. ವಂಶಾವಳಿಯನ್ನು ಹೆಳವರು ಹೇಳುತ್ತಾರೆ. ಭೂಮಿಯ ಲೆಕ್ಕ ಶಾನುಭೋಗರ ಕಡತದಲ್ಲಿದೆ. ಶಾಸ್ತ್ರದಾನ ಮಾಡಿದ ಶ್ರಾವಕಿಯ ಹೆಸರು ಓಲೆಗರಿಯ ಪುಷ್ಪಿಕೆಯಲ್ಲಿದೆ. ಅಲ್ಲಿ ಒಂದೆಡೆ ಇರುವುದು ಇಲ್ಲಿ ಐದಾರು ಕಡೆ ಹಂಚಿಹೋಗಿದೆ. ಇವನ್ನು ಒಂದೇ ಊರಿನ ಹೆಸರಿನಲ್ಲಿ ಮತ್ತೆ ಕೂಡಿಸುವುದೇ ಗ್ರಾಮಚರಿತ್ರಕಾರನ ಕಾರ್ಯ.

ಮೊದಲನೆಯ ಆಕರ ಶಾಸನ. ಮಂಡ್ಯ ಜಿಲ್ಲೆಯು ರಚಿತವಾದದ್ದು 1939ರಲ್ಲಿ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟವನ್ನು 1894ರಲ್ಲಿ ಪ್ರಕಟಿಸಿದಾಗ ಈ ಊರುಗಳೆಲ್ಲ ಮೈಸೂರು ಜಿಲ್ಲೆಗೆ ಸೇರಿದ್ದವು. ಮದ್ದೂರಿನ ಭಾಗದ ಶಾಸನಗಳು ಮಂಡ್ಯ ತಾಲ್ಲೂಕಿನ ಸಂಖ್ಯೆಗಳಲ್ಲಿ ಅಚ್ಚಾದವು. ಮದ್ದೂರು ತಾಲ್ಲೂಕಿನ ಆತಕೂರಿನ ಪ್ರಸಿದ್ಧ ಶಾಸನವು ಅಲ್ಲಿ ಮಂಡ್ಯ 41 ಆಗಿರುವುದು ಈ ಕಾರಣದಿಂದಲೇ. ಇಂದು ಮದ್ದೂರು ತಾಲ್ಲೂಕಿನಲ್ಲಿರುವ ಅರೆತಿಪ್ಪೂರಿನ ಗಂಗರಾಜನ ಶಾಸನವು ಅದೇ ಸಂಪುಟದಲ್ಲಿ ಮಳವಳ್ಳಿ 31. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1979ರಲ್ಲಿ ಹೊರತಂದ ಪರಿಷ್ಕೃತ ಏಳನೆಯ ಸಂಪುಟದಲ್ಲಿ ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಶಾಸನಗಳು ಹೊಸ ಕ್ರಮದಲ್ಲಿವೆ. ಆದ್ದರಿಂದ ಗುತ್ತಲಿನಂತಹ ಊರನ್ನು ಕುರಿತು ಶೋಧಿಸುವವನು ಇಂದಿನ ತಾಲ್ಲೂಕಿನ ಹೆಸರನ್ನಷ್ಟೇ ನಂಬದೆ, ಎರಡೂ ಮುದ್ರಣಗಳನ್ನು ಎದುರುಬದುರಾಗಿಟ್ಟು ನೋಡಬೇಕು. ನೆರೆಯೂರುಗಳ ಶಾಸನಗಳಲ್ಲಿ ಬರುವ ಎಲ್ಲೆಗಳ ವಿವರಣೆಯನ್ನೂ ಬಿಡಲಾಗದು. ಒಂದು ಊರಿನ ಪ್ರಾಚೀನ ಹೆಸರು ಎಷ್ಟೋ ಬಾರಿ ಪಕ್ಕದ ಊರಿನ ದಾನಶಾಸನದ ಎಲ್ಲೆಯಲ್ಲಿಯೇ ಉಳಿದಿರುತ್ತದೆ.

ಎಲ್ಲೆಯ ವಿವರಣೆಗೆ ಶ್ರೇಷ್ಠ ಉದಾಹರಣೆ ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯ ತಾಮ್ರಪಟ. ಶಕವರ್ಷ 698, ಎಂದರೆ ಕ್ರಿ.ಶ. 776ರಲ್ಲಿ, ಗಂಗ ಶ್ರೀಪುರುಷನ ಕಾಲದಲ್ಲಿ, ಕುಂದಾಚ್ಚಿ ಎಂಬ ಮಹಿಳೆಯು ಶ್ರೀಪುರದ ಉತ್ತರಕ್ಕೆ ಕಟ್ಟಿಸಿದ ಲೋಕತಿಲಕವೆಂಬ ಜಿನಭವನಕ್ಕೆ ಪೊನ್ನಳ್ಳಿ ಗ್ರಾಮವು ದತ್ತವಾಯಿತು. ಈ ಪಟವನ್ನು ನಾವು ಸಾಮಾನ್ಯವಾಗಿ ಗಂಗರ ವಂಶಾವಳಿಗಾಗಿ ಓದುತ್ತೇವೆ. ಆದರೆ ಒಂದು ಗ್ರಾಮದ ಎಲ್ಲೆಗಳನ್ನು ದಿಕ್ಕು ದಿಕ್ಕಿಗೆ ಗುರುತಿಸಿರುವ ಭಾಗವು ಗ್ರಾಮಚರಿತ್ರೆಯ ದೃಷ್ಟಿಯಿಂದ ಪ್ರಶಸ್ತಿಗಿಂತ ಹೆಚ್ಚು ಬೆಲೆಯುಳ್ಳದ್ದು. ಅದನ್ನು ಇಂದಿನ ಗ್ರಾಮನಕ್ಷೆಯೊಡನೆ ಹೋಲಿಸಿದಾಗ ಮಾತ್ರ ಶಾಸನವು ನೆಲದ ಮೇಲೆ ಇಳಿಯುತ್ತದೆ.

ಶಾಸನವನ್ನು ಸ್ಥಳದಿಂದ ಬೇರ್ಪಡಿಸಿದರೆ ಆಗುವ ನಷ್ಟಕ್ಕೆ ಆತಕೂರೇ ಸಾಕ್ಷಿ. ತಕ್ಕೋಲದ ಯುದ್ಧವನ್ನೂ ಮಣಲೆರನ ನಾಯಿ ಕಾಳಿಯ ಹೋರಾಟವನ್ನೂ ಹೇಳುವ ಈ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲು ಸುರಕ್ಷಿತವಾಗಿರುವುದು ಸಂತೋಷದ ಸಂಗತಿ. ಆದರೆ ಆ ಕಲ್ಲಿನ ಪೂಜೆಗಾಗಿ ಬಿಟ್ಟ ಭೂಮಿ ಆತಕೂರಿನಲ್ಲಿಯೇ ಇದೆ. ಅದನ್ನು ಗುರುತಿಸಬೇಕಾದರೆ ಕಲ್ಲನ್ನಲ್ಲ, ಕಂದಾಯದ ಕಡತವನ್ನು ನೋಡಬೇಕು.

ಅರೆತಿಪ್ಪೂರಿನ ವಿಷಯವು ಜೈನ ವಿದ್ವಾಂಸರಿಗೆ ಇನ್ನೂ ಹತ್ತಿರವಾದುದು. ಅಲ್ಲಿಯ ಗುಡ್ಡದ ಮೇಲೆ ಬಾಹುಬಲಿಯ ಮೂರ್ತಿಯಿದೆ; ಬಸದಿಗಳ ಅವಶೇಷಗಳಿವೆ. ತಲಕಾಡಿನಲ್ಲಿ ಚೋಳರ ಪಡೆಯನ್ನು ಓಡಿಸಿದ ಗಂಗರಾಜನು ವಿಷ್ಣುವರ್ಧನನಿಂದ ತಿಪ್ಪೂರನ್ನು ಬೇಡಿ ಪಡೆದು, ಅದನ್ನು 1117ರಲ್ಲಿ ಮೂಲಸಂಘ, ಕ್ರಾಣೂರ್ಗಣ, ತಿಂತ್ರಿಣೀಕಗಚ್ಛದ ಮೇಘಚಂದ್ರ ಸಿದ್ಧಾಂತದೇವರಿಗೆ ಧಾರೆಯೆರೆದನು. ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ಶ್ರವಣಬೆಳಗೊಳದ ಶಾಸನದಲ್ಲಿ ಪ್ರಶಂಸಿತರಾದ ಮೇಘಚಂದ್ರ ತ್ರೈವಿದ್ಯದೇವರು ದೇಶೀಗಣ, ಪುಸ್ತಕಗಚ್ಛದವರು. ಅವರು 1115ರಲ್ಲಿಯೇ ಸಮಾಧಿಮರಣವನ್ನು ಹೊಂದಿದರು. ಆದ್ದರಿಂದ ತಿಪ್ಪೂರಿನ ಪ್ರತಿಗ್ರಾಹಿಗಳು ಬೇರೆಯವರೇ. ಹೆಸರೊಂದೇ ಸಾಲದು, ಗಣ, ಗಚ್ಛ, ಕಾಲ ಮೂರೂ ಕೂಡಬೇಕು. ಎರಡನೆಯದಾಗಿ, ತಿಪ್ಪೂರಿನ ಗಂಗರ ಕಾಲದ ಶಾಸನದಲ್ಲಿ ಈ ಕ್ಷೇತ್ರಕ್ಕೆ ಕನಕಗಿರಿ ತೀರ್ಥವೆಂಬ ಹೆಸರಿದೆ. ಚಾಮರಾಜನಗರದ ಮಲೆಯೂರಿಗೂ ಅದೇ ಹೆಸರು ಪ್ರಸಿದ್ಧವಾಗಿದೆ. ಒಂದು ಹಸ್ತಪ್ರತಿಯ ಪುಷ್ಪಿಕೆಯಲ್ಲಿ ಕನಕಗಿರಿ ಎಂದಷ್ಟೇ ಇದ್ದರೆ ಅದನ್ನು ಕೂಡಲೇ ಮಲೆಯೂರಿಗೆ ಸೇರಿಸಿಬಿಡುವುದು ಯುಕ್ತವಲ್ಲ.

ಎರಡನೆಯ ಆಕರವು ಹತ್ತೊಂಬತ್ತನೆಯ ಶತಮಾನದ ಆರಂಭದ ಸರ್ವೇಕ್ಷಣ. ಶ್ರೀರಂಗಪಟ್ಟಣವು 1799ರಲ್ಲಿ ಪತನವಾದ ಮೇಲೆ ಈ ಸೀಮೆಯನ್ನು ಅಳೆದು ಬರೆದವರಲ್ಲಿ ಇಬ್ಬರು ಸ್ಕಾಟ್ಲೆಂಡಿನವರೇ ಎಂಬುದು ಆಸಕ್ತಿಕರ ಸಂಗತಿ. ಫ್ರಾನ್ಸಿಸ್ ಬುಕಾನನ್ 1800ರ ಮೇ ತಿಂಗಳಲ್ಲಿ ಮದ್ದೂರು, ಮಂಡ್ಯಗಳ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಹೋದನು. ಅವನ ದಿನಚರಿ 1807ರಲ್ಲಿ ಪ್ರಕಟವಾಯಿತು. ಕಾಲಿನ್ ಮೆಕೆಂಜಿಯು ಕೂಡಿಸಿದ ಕೈಫಿಯತ್ತುಗಳೂ ಹಸ್ತಪ್ರತಿಗಳೂ ಮದರಾಸಿನ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿವೆ. ಇನ್ನೊಂದು ಭಾಗ ಲಂಡನ್ನಿನಲ್ಲಿದೆ. ಮೆಕೆಂಜಿಯ ಸಂಗ್ರಹಕ್ಕೆ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು ಮಾಡಿದ ಸೇವೆ ಅಲ್ಪವಲ್ಲ. ಥಾಮಸ್ ಹಿಕ್ಕಿಯು 1816ರಲ್ಲಿ ಬರೆದ ಚಿತ್ರದಲ್ಲಿ ಮೆಕೆಂಜಿಯ ಪಕ್ಕದಲ್ಲಿ ಅವರ ರೂಪವೂ ಇದೆ. ರಾಜಾವಳೀಕಥೆಯ ಕರ್ತೃ ದೇವಚಂದ್ರನೂ ಇದೇ ಮಲೆಯೂರಿನವನು. ಕೈಫಿಯತ್ತಿನಲ್ಲಿ ಐತಿಹ್ಯ ಬೆರೆತಿರುವುದು ಸಹಜ. ಆದರೂ ದೇಗುಲಗಳ ಎಣಿಕೆ, ಮಾನ್ಯಗಳ ವಿವರ ಮೊದಲಾದವು ಅನ್ಯತ್ರ ದುರ್ಲಭವಾದ ಸಂಗತಿಗಳು.

ಮೂರನೆಯ ಆಕರವೇ ಕಂದಾಯದ ಕಾಗದಪತ್ರ. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಆರಂಭವಾದ ಸರ್ವೆ ಮತ್ತು ಜಮಾಬಂದಿಯ ಫಲವಾಗಿ ಗ್ರಾಮನಕ್ಷೆ, ಟಿಪ್ಪಣಿ, ಆಕಾರಬಂದ್ ಇವು ಸಿದ್ಧವಾದವು. ಅದೇ ದಶಕದಲ್ಲಿ ಕೆಲಸಕ್ಕೆ ತೊಡಗಿದ ಇನಾಂ ಕಮಿಷನ್ ದೇವಾದಾಯ, ಬ್ರಹ್ಮಾದಾಯ, ಧರ್ಮಾದಾಯಗಳ ಹಕ್ಕನ್ನು ವಿಚಾರಿಸಿತು. ಬಸದಿಯ ಮಾನ್ಯ, ಬಸ್ತಿ ಹೊಲ ಎಂಬಂತಹ ನೆಲದ ಹೆಸರುಗಳನ್ನು ಹುಡುಕಬೇಕಾದದ್ದು ಇಲ್ಲಿ. ಖಂಡುಗ, ಕೊಳಗಗಳ ಬೀಜವರಿಯಲ್ಲಿದ್ದ ಭೂಮಿಯು ಎಕರೆ, ಗುಂಟೆಗಳಿಗೆ ತಿರುಗಿದ ಘಟ್ಟವೂ ಇದೇ. 1955ರ ಧಾರ್ಮಿಕ ಇನಾಂ ರದ್ಧತಿಯ ಶಾಸನದ ತರುವಾಯ ಇಂತಹ ಹಕ್ಕುಗಳು ಚಾಲ್ತಿಯ ಪುಸ್ತಕದಿಂದ ಕ್ರಮೇಣ ಮರೆಯಾದವು. 1961ರ ಕಾಯಿದೆಯು 1963ರಲ್ಲಿ ಜಾರಿಗೆ ಬಂದು ಶಾನುಭೋಗಿಕೆ ಕೊನೆಗೊಂಡಿತು. ಹೀಗೆ ಪರಂಪರೆಯಿಂದ ಕಡತಗಳನ್ನು ಓದಬಲ್ಲವರ ಸಾಲೂ ಕಡಿದುಹೋಯಿತು. 2000ದ ನಂತರ ಕೈಬರಹದ ಪಹಣಿಯ ಸ್ಥಾನವನ್ನು ಗಣಕೀಕೃತ ಪಹಣಿ ಪಡೆದುಕೊಂಡಿತು. ಅದು ಇಂದಿನ ಹಕ್ಕನ್ನು ಹೇಳುತ್ತದೆ. ನೆಲದ ಹಳೆಯ ಹೆಸರನ್ನು ಹೇಳುವುದಿಲ್ಲ.

ಗುತ್ತಲಿನ ಸ್ಥಿತಿಯಲ್ಲಿ ಈ ಮಾತು ಸ್ಪಷ್ಟವಾಗುತ್ತದೆ. ಅರ್ಕೇಶ್ವರನ ದೇಗುಲವುಳ್ಳ ಈ ಊರು ಇಂದು ಮಂಡ್ಯ ನಗರದೊಳಗೆ ಸೇರಿಹೋಗಿದೆ. ಕೃಷ್ಣರಾಜಸಾಗರದ ನಾಲೆಯ ನೀರು 1930ರ ದಶಕದಲ್ಲಿ ಈ ಸೀಮೆಗೆ ಹರಿದು ಖುಷ್ಕಿಯು ತರಿಯಾಯಿತು. ಬಳಿಕ ನಗರ ಬೆಳೆದಂತೆ ಹೊಲಗದ್ದೆಗಳು ನಿವೇಶನಗಳಾಗುತ್ತ ಬಂದವು. ಇಂತಹ ಊರಿನಲ್ಲಿ ಎಲ್ಲೆಗಲ್ಲು, ಮುಕ್ಕೊಡೆಯ ಕಲ್ಲು ಮೊದಲಾದವನ್ನು ನೆಲದ ಮೇಲೆ ಅರಸುವುದು ಬಹುಮಟ್ಟಿಗೆ ವ್ಯರ್ಥ. ಹಳೆಯ ಗ್ರಾಮನಕ್ಷೆ ಮತ್ತು ಟಿಪ್ಪಣಿಗಳೇ ಅಲ್ಲಿ ನೆಲದ ಪ್ರತಿನಿಧಿಗಳು. ಅವು ನಶಿಸಿದರೆ ಊರಿನ ಚರಿತ್ರೆಯ ಒಂದು ಪದರವೇ ನಶಿಸಿದಂತೆ.

ನಾಲ್ಕನೆಯ ಆಕರವು ನಮ್ಮದೇ ವಶದಲ್ಲಿರುವುದು. ಅದು ಹಸ್ತಪ್ರತಿಯ ಪುಷ್ಪಿಕೆ. ಮೂಡಬಿದಿರೆಯಲ್ಲಿ ಉಳಿದು ಬಂದ ಧವಲಾ ಪ್ರತಿಯ ಪ್ರಶಸ್ತಿಯಿಂದ ದೇಮಿಯಕ್ಕನು ಶ್ರುತಪಂಚಮಿಯ ವ್ರತದ ಉದ್ಯಾಪನೆಗಾಗಿ ಅದನ್ನು ಬನ್ನಿಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳೆಂದು ತಿಳಿಯುತ್ತದೆ. ಸಿದ್ಧಾಂತಗ್ರಂಥದ ಒಂದು ಪ್ರತಿಯು ಒಂದು ಊರಿನ ಬಸದಿ, ಒಬ್ಬ ಆಚಾರ್ಯ, ಒಬ್ಬ ದಾನಿ ಇವರ ಚರಿತ್ರೆಯನ್ನೂ ಹೊತ್ತುಕೊಂಡಿದೆ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಗಿ ಮಹೋಪಕಾರ ಮಾಡಿದೆ. ಆದರೆ ನಮ್ಮ ಸೂಚಿಗಳ ಸಾಮಾನ್ಯ ಕ್ರಮವು ಗ್ರಂಥ, ಕರ್ತೃ, ವಿಷಯ ಎಂಬುದು. ಲಿಪಿಕಾರನ ಊರು, ದಾನಿಯ ಊರು, ಪ್ರತಿ ದೊರೆತ ಮನೆಯ ಊರು ಇವು ಕೊನೆಯ ಟಿಪ್ಪಣಿಯಲ್ಲಿ ಬಂದರೆ ಬಂದವು. ಗ್ರಂಥಸಂಪಾದಕನಿಗೆ ಇದು ಕೊರತೆಯೆನಿಸದು. ಗ್ರಾಮಚರಿತ್ರಕಾರನಿಗೆ ಮಾತ್ರ ಬಾಗಿಲೇ ಮುಚ್ಚಿದಂತಾಗುತ್ತದೆ.

ಕಾಗದದ ಸನ್ನದನ್ನು ಶಾಸನದ ಸಮಾನಗೌರವದಿಂದ ಪ್ರಕಟಿಸುವ ಪದ್ಧತಿಗೆ ನಮ್ಮಲ್ಲಿ ಮೇಲ್ಪಂಕ್ತಿ ಇಲ್ಲದಿಲ್ಲ. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಶ್ರವಣಬೆಳಗೊಳದ ಸಂಪುಟದಲ್ಲಿ ಶಿಲಾಲೇಖಗಳ ಜೊತೆಗೆ ಮಠದಲ್ಲಿದ್ದ ಸನ್ನದುಗಳಿಗೂ ಎಡೆ ದೊರೆಯಿತು. ಇದೇ ಮೇಲ್ಪಂಕ್ತಿಯನ್ನು ಮುಂದುವರಿಸಿ ಈಗ ಮೂರು ಕೆಲಸಗಳು ನಡೆಯಬೇಕಾಗಿದೆ. ಹಸ್ತಪ್ರತಿಗಳ ಸೂಚಿಗಳಿಗೆ ಅಕಾರಾದಿಯಾದ ಗ್ರಾಮನಾಮಸೂಚಿಯನ್ನು ಸೇರಿಸುವುದು. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಶಾಸನಗಳಲ್ಲಿ ಬಸದಿಗೆ ದತ್ತವಾದ ಊರುಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಗ್ರಾಮನಕ್ಷೆ, ಟಿಪ್ಪಣಿ, ಇನಾಂ ಕಡತಗಳ ನಕಲನ್ನು ಕೂಡಿಸುವುದು. ಶಾನುಭೋಗರ ಮನೆತನಗಳಲ್ಲಿ ಉಳಿದ ಮೋಡಿ ಬರಹದ ಕಾಗದಗಳನ್ನು ಓದಬಲ್ಲವರು ಇರುವಾಗಲೇ ಓದಿಸಿ ಬರೆದಿಡುವುದು. ಇವುಗಳಲ್ಲಿ ಮೊದಲನೆಯದಕ್ಕೆ ಯಾವ ಕಚೇರಿಯ ಅನುಮತಿಯೂ ಬೇಕಿಲ್ಲ. ನಮ್ಮ ಭಂಡಾರಗಳ ಕಪಾಟುಗಳಿಂದಲೇ ಅದನ್ನು ಆರಂಭಿಸಬಹುದು. ಶ್ರುತಪಂಚಮಿಯಂದು ಶಾಸ್ತ್ರಗಳನ್ನು ಹೊರತೆಗೆದು ಬಿಸಿಲು ಕಾಣಿಸಿ ಪೂಜಿಸುವ ಪದ್ಧತಿ ನಮ್ಮಲ್ಲಿದೆ. ಆ ದಿನ ಪ್ರತಿಯೊಂದು ಕಟ್ಟಿನ ಕೊನೆಯ ಗರಿಯನ್ನು ಓದಿ, ಅಲ್ಲಿ ಬಂದ ಊರಿನ ಹೆಸರನ್ನು ಬರೆದುಕೊಂಡರೆ, ಅದು ಶ್ರುತಸೇವೆಯೂ ಆಗುತ್ತದೆ, ದೇಶಚರಿತ್ರೆಗೆ ಆಧಾರವೂ ಆಗುತ್ತದೆ.