ಹಗಲು ಬಾಡಿಗೆ ವಸೂಲಿ, ಸಂಜೆ ಚಿತ್ರಕಲೆ

ಡ್ಯೂಟಿ ಮುಗಿಸಿ ರೂಮಿಗೆ ಬಂದ ಮೇಲೆ ನಮಗೆ ಉಳಿಯುವುದು ಎರಡೋ ಮೂರೋ ಗಂಟೆ. ಅಡುಗೆ, ಬಟ್ಟೆ, ಊರಿಗೊಂದು ಫೋನ್ ಎನ್ನುವಷ್ಟರಲ್ಲಿ ಅದೂ ಮುಗಿಯುತ್ತದೆ. ಹಾಡುವವರು, ಚಿತ್ರ ಬರೆಯುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಆದರೆ ‘ಊರಿಗೆ ಹೋದ ಮೇಲೆ ನೋಡೋಣ’ ಎಂದು ಮುಂದೂಡುತ್ತೇವೆ. ಅದಕ್ಕೇ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಈ ಸಂಜೆ ತರಗತಿಗಳ ಕಥೆ ನಮಗೆ ಹತ್ತಿರದ್ದು.

ಅಡಾಲ್ಫ್ ವಾಲೆಟ್ ಫ್ರಾನ್ಸಿನವರು. 1905ರಲ್ಲಿ ಮ್ಯಾಂಚೆಸ್ಟರಿಗೆ ಬಂದು ಮುದ್ರಣ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಸಂಜೆ ಅಲ್ಲಿನ ಮುನ್ಸಿಪಲ್ ಕಲಾಶಾಲೆಗೆ ಹೋಗುತ್ತಿದ್ದರು. ಕೆಲವೇ ಕಾಲದಲ್ಲಿ ಅದೇ ಶಾಲೆಯ ಮೇಷ್ಟರಾಗಿ, 1920ರವರೆಗೆ ಕಲಿಸಿದರು. ಬಾಯಿಮಾತಿನಲ್ಲಿ ಹೇಳಿ ಬಿಡುವವರಲ್ಲ. ವಿದ್ಯಾರ್ಥಿಗಳ ಎದುರೇ ತಾವೂ ಬರೆದು ತೋರಿಸುತ್ತಿದ್ದರು. ಊರಿನವರು ಬೈದುಕೊಳ್ಳುತ್ತಿದ್ದ ಹೊಗೆ, ಮಂಜು ಇವರ ಚಿತ್ರಗಳಿಗೆ ವಸ್ತುವಾಯಿತು.

ಆ ತರಗತಿಯಲ್ಲಿ ಕಲಿತವರು ಎಲ್. ಎಸ್. ಲೌರಿ. 1887ರಲ್ಲಿ ಹುಟ್ಟಿದ ಇವರು 1910ರಿಂದ 1952ರವರೆಗೆ ಒಂದೇ ಕಂಪನಿಯಲ್ಲಿ ಬಾಡಿಗೆ ವಸೂಲಿ, ಲೆಕ್ಕಪತ್ರದ ಕೆಲಸ ಮಾಡಿದರು. ವಸೂಲಿಗೆ ಸುತ್ತಿದ ಬೀದಿಗಳು, ಗಿರಣಿಗೆ ಹೋಗಿಬರುವ ಜನ, ಇವೇ ಅವರ ಚಿತ್ರಗಳಾದವು.

ಮುಂದೆ ಸಾಲ್ಫರ್ಡ್ ಕಲಾಶಾಲೆಯಲ್ಲೂ ಲೌರಿ ಸಂಜೆ ಪಾಠ ಮುಂದುವರಿಸಿದರು. ಚಿತ್ರಗಳು ತೀರಾ ಕಪ್ಪು, ಜನರನ್ನು ಬಿಳಿ ಹಿನ್ನೆಲೆಯ ಮೇಲೆ ಬರೆಯಬೇಕು ಎಂದು ಬರ್ನಾರ್ಡ್ ಟೇಲರ್ ಹೇಳಿದರು. ಇವರು ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಯ ಕಲಾವಿಮರ್ಶಕರು. ಲೌರಿಗೆ ಮೊದಲು ಸಿಟ್ಟೇ ಬಂತು. ಆದರೂ ಪರೀಕ್ಷಿಸಿ ನೋಡಿದರು. ಹಲಗೆಗೆ ಪದರ ಪದರವಾಗಿ ಬಿಳಿ ಬಣ್ಣ ಬಳಿದು, ಮುಚ್ಚಿಟ್ಟು, ವರ್ಷಗಳ ನಂತರ ತೆಗೆದು ಹೊಸದಾಗಿ ಬಳಿದ ಹಲಗೆಯ ಪಕ್ಕ ಇಟ್ಟರು. ಹಳೆಯದು ಕೆನೆಬಣ್ಣಕ್ಕೆ ತಿರುಗಿತ್ತು. ಅವರಿಗೆ ಬೇಕಾಗಿದ್ದೂ ಅದೇ. ಕಪ್ಪು, ಬಿಳಿ, ಕೆಂಪು, ನೀಲಿ, ಹಳದಿ ಕಾವಿ: ಈ ಐದೇ ಬಣ್ಣ, ಅದೂ ಎಣ್ಣೆ ಬೆರೆಸದೆ. ಕುಂಚದ ಹಿಂಬದಿ, ಬೆರಳು ಕೂಡ ಅವರಿಗೆ ಸಾಧನವೇ.

ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡು, ಅವರು ಮಲಗಿದ ಮೇಲೆ ರಾತ್ರಿ ಚಿತ್ರಕ್ಕೆ ಕೂರುತ್ತಿದ್ದರು. ಬಿಡುವಿಗೆ ಬರೆಯುವವ ಎಂದು ಜನ ಹಗುರವಾಗಿ ಕಂಡಾರೆಂದು ಕಂಪನಿಯ ಕೆಲಸವನ್ನೇ ಮುಚ್ಚಿಟ್ಟಿದ್ದರು. ಇಂದು ಸಾಲ್ಫರ್ಡ್‌ನಲ್ಲಿ ಅವರ ಹೆಸರಿನ ದೊಡ್ಡ ಕಲಾಕೇಂದ್ರವೇ ಇದೆ.

ಅವರು ಮುಚ್ಚಿಟ್ಟ ದುಡಿಮೆಯನ್ನು ನಾವು ಮುಚ್ಚಿಡಬೇಕಿಲ್ಲ. ನಮ್ಮ ಕ್ಯಾಂಪು, ಬಸ್ಸಿನ ಸಾಲು, ಕ್ರೇನುಗಳ ಹಿಂದೆ ಏಳುವ ಧೂಳನ್ನು ನಮ್ಮಷ್ಟು ಹತ್ತಿರದಿಂದ ಕಂಡವರು ಯಾರಿದ್ದಾರೆ? ಮುಂದಿನ ಸಂಚಿಕೆಯ ಮುಖಪುಟಕ್ಕೆ ನಮ್ಮಲ್ಲೊಬ್ಬರ ಚಿತ್ರವೇ ಬರಲಿ.