ಕಾಲೇಜು ಬರವಣಿಗೆಗೆ ಸಿದ್ಧತೆ: ಅಮೆರಿಕ ನಡೆದ ದಾರಿ

ಕಾಲೇಜಿಗೆ ಬರುವ ಮಕ್ಕಳಿಗೆ ನೆಟ್ಟಗೆ ನಾಲ್ಕು ಸಾಲು ಬರೆಯಲು ಬರುವುದಿಲ್ಲ ಎಂಬ ದೂರು ಅಮೆರಿಕದಲ್ಲಿ ಸುಮಾರು 150 ವರ್ಷ ಹಳೆಯದು. ಹಾರ್ವರ್ಡ್ 1874ರಲ್ಲಿ ತನ್ನ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಪ್ರಬಂಧವನ್ನು ಸೇರಿಸಿತು. ಶೇಕ್ಸ್‌ಪಿಯರನ ನಾಟಕ, ಸ್ಕಾಟನ ಕಾದಂಬರಿಗಳಿಂದ ವಿಷಯ. ಕಾಗುಣಿತ, ವಿರಾಮಚಿಹ್ನೆ, ವ್ಯಾಕರಣ ಸರಿಯಿರಬೇಕೆಂಬ ನಿಯಮ. ಉಳ್ಳವರ ಮನೆಯ, ಹೆಸರಾಂತ ಶಾಲೆಗಳ ಹುಡುಗರೇ ಎಡವಿದರು. ಅಲ್ಲಿನ ಪ್ರಾಧ್ಯಾಪಕ ಆಡಮ್ಸ್ ಶೆರ್ಮನ್ ಹಿಲ್ ತಪ್ಪನ್ನು ಶಾಲೆಗಳ ಮೇಲೆ ಹೊರಿಸಿದರು. ಆದರೂ ಕಲಿಸುವ ಕೆಲಸ ಕಾಲೇಜಿಗೇ ಬಂತು: 1885ರಿಂದ ‘ಇಂಗ್ಲಿಷ್ ಎ’ ಮೊದಲ ವರ್ಷದವರ ಪಾಠವಾಯಿತು. ಉಳಿದ ಹಲವು ಕಾಲೇಜುಗಳೂ ಅದನ್ನೇ ಅನುಸರಿಸಿದವು.

ಈ ಪದ್ಧತಿಯ ದೊಡ್ಡ ಕೊರತೆ ಬೇಗನೆ ಬಯಲಾಯಿತು. 1912ರಲ್ಲಿ ‘ಇಂಗ್ಲಿಷ್ ಜರ್ನಲ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಅಧ್ಯಾಪಕ ಎಡ್ವಿನ್ ಹಾಪ್ಕಿನ್ಸ್ ಕೇಳಿದ್ದು, ಈಗಿನ ಪರಿಸ್ಥಿತಿಯಲ್ಲಿ ಬರವಣಿಗೆಯನ್ನು ಚೆನ್ನಾಗಿ ಕಲಿಸಲು ಸಾಧ್ಯವೇ ಎಂದು. ಅವರೇ ಕೊಟ್ಟ ಉತ್ತರ: ಇಲ್ಲ. ಒಬ್ಬ ಮೇಷ್ಟ್ರ ಮುಂದೆ ಅಷ್ಟೊಂದು ವಿದ್ಯಾರ್ಥಿಗಳು, ಅಷ್ಟೊಂದು ಹಾಳೆಗಳು. ಕೆಂಪು ಶಾಯಿಯಲ್ಲಿ ತಪ್ಪು ಗುರುತಿಸುವುದರಲ್ಲೇ ಅವನ ಹೊತ್ತು ಮುಗಿಯುತ್ತಿತ್ತು. ಮುಂದಿನ ಐದು ದಶಕಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ವ್ಯಾಕರಣದ ಅಭ್ಯಾಸಗಳೂ ಅಚ್ಚಿಗೆ ಹೊಯ್ದಂಥ ಐದು ಪ್ಯಾರಾದ ಪ್ರಬಂಧವೂ ತರಗತಿಗಳಲ್ಲಿ ಬೇರೂರಿದವು.

1971ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಸಂಶೋಧಕಿ ಜಾನೆಟ್ ಎಮಿಗ್ ಒಂದು ಸರಳ ಕೆಲಸ ಮಾಡಿದ್ದರು. ಹನ್ನೆರಡನೇ ತರಗತಿಯ ಎಂಟು ವಿದ್ಯಾರ್ಥಿಗಳಿಗೆ, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಲೇ ಬರೆಯಿರಿ ಎಂದರು. ಮೊದಲು ರೂಪುರೇಷೆ, ಆಮೇಲೆ ಬರಹ, ಕೊನೆಗೆ ತಿದ್ದುಪಡಿ ಎಂದು ಪಠ್ಯಪುಸ್ತಕ ಹೇಳುವ ಕ್ರಮದಲ್ಲಿ ಆ ಮಕ್ಕಳು ಬರೆಯುತ್ತಿರಲಿಲ್ಲ. ಅಲ್ಲಿಂದ ಸಂಶೋಧಕರ ಕಣ್ಣು ಮುಗಿದ ಹಾಳೆಯಿಂದ ಬರೆಯುವ ಕ್ರಿಯೆಯತ್ತ ಹೊರಳಿತು.

ನನ್ನ ಮಟ್ಟಿಗೆ ಈ ಇತಿಹಾಸದ ಎತ್ತರದ ಘಟ್ಟ ನ್ಯೂಯಾರ್ಕಿನ ಸಿಟಿ ಕಾಲೇಜಿನದು. ಆ ಕಾಲೇಜನ್ನು ಒಳಗೊಂಡ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯವು 1970ರಲ್ಲಿ ನಗರದಲ್ಲಿ ಹೈಸ್ಕೂಲು ಮುಗಿಸಿದ ಎಲ್ಲರಿಗೂ ಬಾಗಿಲು ತೆರೆಯಿತು. ಕಪ್ಪು ಜನರ, ಪೋರ್ಟೊರಿಕೊ ಮೂಲದವರ, ವಲಸೆ ಕಾರ್ಮಿಕರ ಮಕ್ಕಳು ಬಂದರು. ಎಷ್ಟೋ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲಿಗರು. ಅವರ ಬರಹ ನೋಡಿ ಹಲವು ಅಧ್ಯಾಪಕರು ಕೈಚೆಲ್ಲಿದರು. ಅಲ್ಲಿನ ಅಧ್ಯಾಪಕಿ ಮೀನಾ ಶಾಘ್ನೆಸ್ಸಿ ಆ ಹಾಳೆಗಳನ್ನೇ ಮುಂದಿಟ್ಟುಕೊಂಡು ಕೂತರು. ಹೊಸದಾಗಿ ಸೇರಿದವರು ಬರೆದ ಸುಮಾರು 4,000 ಪ್ರಬಂಧಗಳನ್ನು ಓದಿ, 1977ರಲ್ಲಿ ‘ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಷನ್ಸ್’ ಪ್ರಕಟಿಸಿದರು. ತಪ್ಪುಗಳು ಬೇಕಾಬಿಟ್ಟಿ ಬಂದವಲ್ಲ, ಪ್ರತಿಯೊಂದರ ಹಿಂದೆಯೂ ಒಂದು ತರ್ಕವಿದೆ ಎಂದು ಅವರು ತೋರಿಸಿಕೊಟ್ಟರು. ಈ ವಿದ್ಯಾರ್ಥಿಗಳು ದಡ್ಡರಲ್ಲ, ಬರವಣಿಗೆಗೆ ಹೊಸಬರು. ಹೊಸಬರು ಯಾವುದನ್ನೇ ಆಗಲಿ ತಪ್ಪು ಮಾಡುತ್ತಲೇ ಕಲಿಯುತ್ತಾರೆ. ಪುಸ್ತಕ ಬಂದ ಮರುವರ್ಷವೇ ಶಾಘ್ನೆಸ್ಸಿ ತೀರಿಕೊಂಡರು.

ಶಾಘ್ನೆಸ್ಸಿ ವಾಕ್ಯದ ಮಟ್ಟದಲ್ಲಿ ಕಂಡದ್ದನ್ನು ಇನ್ನೊಬ್ಬ ಅಧ್ಯಾಪಕ ಡೇವಿಡ್ ಬಾರ್ತಲೊಮೆ 1985ರ ಒಂದು ಪ್ರಬಂಧದಲ್ಲಿ ವಾದದ ಮಟ್ಟಕ್ಕೆ ಕೊಂಡೊಯ್ದರು. ಸೃಜನಶೀಲತೆಯ ಬಗ್ಗೆ ಬರೆಯಲು ಹೇಳಿದಾಗ ಒಬ್ಬ ವಿದ್ಯಾರ್ಥಿ, ತಾನು ಜೇಡಿಮಣ್ಣಿನಲ್ಲಿ ಭೂಮಿಯ ಮಾದರಿ ಮಾಡಿದ ಕಥೆ ಹೇಳುತ್ತಾನೆ. ಹೇಳುತ್ತ ಹೇಳುತ್ತ ಪ್ರಾಧ್ಯಾಪಕರ ಧಾಟಿಯ ಭಾರದ ಮಾತುಗಳನ್ನು ತರುತ್ತಾನೆ, ವಾಕ್ಯ ತೊಡರುತ್ತದೆ. ತನಗಿನ್ನೂ ಒಗ್ಗದ ದನಿಯಲ್ಲಿ ಮಾತಾಡುವ ಧೈರ್ಯವನ್ನು ಬಾರ್ತಲೊಮೆ ಆ ತೊಡರಿನಲ್ಲಿ ಗುರುತಿಸಿದರು. ಕಾಲೇಜು ಬರವಣಿಗೆಯೆಂದರೆ ಒಂದು ವಿದ್ವತ್ ಸಮುದಾಯ ವಾದ ಮಾಡುವ, ಆಧಾರ ಕೊಡುವ, ಒಪ್ಪದಿರುವ ರೀತಿಯನ್ನು ಕಲಿಯುವುದು. ವ್ಯಾಕರಣದ ಅಭ್ಯಾಸದಿಂದ ಅದು ಬರುವುದಿಲ್ಲ.

ಈ ತಿಳಿವು ತರಗತಿಗೆ ಇಳಿದದ್ದು ನಿಧಾನವಾಗಿ. ಬರವಣಿಗೆ ಕಲಿಸುವವರು ಸ್ವತಃ ಬರೆಯುತ್ತಿರಬೇಕು ಎಂಬ ನಂಬಿಕೆಯಿಂದ ಜೇಮ್ಸ್ ಗ್ರೇ 1974ರಲ್ಲಿ ಬರ್ಕ್ಲಿಯಲ್ಲಿ ಆರಂಭಿಸಿದ ಶಿಕ್ಷಕರ ಶಿಬಿರ ಮುಂದೆ ದೇಶವ್ಯಾಪಿಯಾಯಿತು. ಬಾಲ್ಟಿಮೋರ್ ಕೌಂಟಿಯ ಸಮುದಾಯ ಕಾಲೇಜು 2007ರಿಂದ ಬರವಣಿಗೆಯಲ್ಲಿ ಹಿಂದುಳಿದವರನ್ನು ಬೇರೆ ಕೂರಿಸದೆ, ಉಳಿದವರ ಜೊತೆಯಲ್ಲೇ ಮೊದಲ ವರ್ಷದ ತರಗತಿಗೆ ಸೇರಿಸಿ, ಅದೇ ಅಧ್ಯಾಪಕರಿಂದ ಹೆಚ್ಚುವರಿ ಪಾಠ ಕೊಡಿಸಿತು. 2011ರಲ್ಲಿ ಮೂರು ಬೋಧಕ ಸಂಘಟನೆಗಳು ಸೇರಿ ಹೊರತಂದ ಮಾರ್ಗಸೂಚಿ, ಕುತೂಹಲ, ಛಲ, ಹೊಣೆಗಾರಿಕೆಯಂಥ ಎಂಟು ಮನೋಧರ್ಮಗಳನ್ನೂ ಸಿದ್ಧತೆಯ ಭಾಗವೆಂದು ಕರೆಯಿತು. 2022ರ ಕೊನೆಗೆ, ಕೇಳಿದ್ದನ್ನು ಬರೆದುಕೊಡುವ ಚಾಟ್‌ಜಿಪಿಟಿ ಬಂದ ಮೇಲಂತೂ, ಮುಗಿದ ಹಾಳೆಗಷ್ಟೇ ಅಂಕ ಕೊಡುವ ಪದ್ಧತಿಗೆ ಉಳಿಗಾಲವಿಲ್ಲ.

ಇದು ಅಮೆರಿಕದ ಮಾತಷ್ಟೇ ಅಲ್ಲ. ನಮ್ಮಲ್ಲೂ ಪಿಯುಸಿವರೆಗೆ ಗೈಡು, ನೋಟ್ಸುಗಳನ್ನು ಬಾಯಿಪಾಠ ಮಾಡಿ ಗೆದ್ದ ಹುಡುಗಿ ಡಿಗ್ರಿಗೆ ಬಂದು ಅಸೈನ್‌ಮೆಂಟ್ ಬರೆಯುವಾಗ ಎಲ್ಲಿಂದಲೋ ನಕಲು ಮಾಡುತ್ತಾಳೆ. ಸ್ವಂತ ಮಾತು ಬರೆಯಿರೆಂದು ಅಲ್ಲಿಯವರೆಗೆ ಅವಳನ್ನು ಯಾರೂ ಕೇಳಿರುವುದಿಲ್ಲ. ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ: ಈ ಸಲ ಸೆಮಿಸ್ಟರಿಗೆ ಒಂದೇ ಅಸೈನ್‌ಮೆಂಟ್ ಕೊಡಿ, ಅದನ್ನೇ ಎರಡು ಬಾರಿ ಬರೆಸಿ. ಮೊದಲ ಕರಡಿಗೆ ಅಂಕ ಹಾಕಬೇಡಿ. ಅವಳು ಏನು ಹೇಳಹೊರಟಿದ್ದಾಳೆಂದು ಕೇಳಿ.